ಪಿಜ್ಜಾ ಮೇಲೆ ಅನಾನಸ್ ಯಾಕಾಗಬಾರದು?

ಅನಾನಸ್ ಹೋಳುಗಳನ್ನು ಪಿಜ್ಜಾದ ಮೇಲೆ ಹಾಕಿ ಅದಕ್ಕೆ ‘ಹವಾಯಿಯನ್’ ಎಂದು ಹೆಸರಿಟ್ಟ ಊರು ಕೆನಡಾದಲ್ಲಿದೆ. ಒಂಟಾರಿಯೊ ಪ್ರಾಂತ್ಯದ ಚ್ಯಾಟಮ್ ಅದರ ಹೆಸರು. ಅಮೆರಿಕದ ಮಿಷಿಗನ್ ರಾಜ್ಯದ ಸೌತ್‌ಫೀಲ್ಡ್‌ನ ನಮ್ಮ ಮನೆಯಿಂದ ಹೊರಟು, ಡೆಟ್ರಾಯಿಟ್ ನದಿಯ ಮೇಲಿನ ಅಂಬಾಸಡರ್ ಸೇತುವೆ ದಾಟಿ, ವಿಂಡ್ಸರ್ ಕಳೆದು 401ನೇ ಹೆದ್ದಾರಿ ಹಿಡಿದರೆ, ಗಡಿಯಲ್ಲಿ ಕಾರುಗಳ ಸಾಲಿಲ್ಲದ ದಿನ ಸುಮಾರು ಒಂದೂವರೆ ಗಂಟೆಯ ದಾರಿ. ಅಲ್ಲಿ ಸ್ಯಾಟಲೈಟ್ ಎಂಬ ಹೋಟೆಲು ನಡೆಸುತ್ತಿದ್ದ ಸ್ಯಾಮ್ ಪನೊಪೌಲೋಸ್ 1954ರಲ್ಲಿ ಗ್ರೀಸಿನಿಂದ ಹಡಗು ಹತ್ತಿ ಬಂದವರು. ಹಡಗು ನೇಪಲ್ಸ್‌ನಲ್ಲಿ ನಿಂತಾಗಲೇ ಅವರಿಗೆ ಪಿಜ್ಜಾದ ಪರಿಚಯವಾಗಿತ್ತು. 1962ರಲ್ಲಿ ಒಂದು ದಿನ, ಹೇಗಿರುತ್ತದೋ ನೋಡೋಣವೆಂದು ಡಬ್ಬಿಯ ಅನಾನಸನ್ನು ಪಿಜ್ಜಾದ ಮೇಲೆ ಉದುರಿಸಿ ಬೇಯಿಸಿದರು. ಡಬ್ಬಿಯ ಮೇಲಿದ್ದ ಬ್ರಾಂಡಿನ ಹೆಸರೇ ಪಿಜ್ಜಾಕ್ಕೂ ಅಂಟಿಕೊಂಡಿತು. ಅವರ ಹೋಟೆಲಿನಲ್ಲಿ ಚೀನೀ ಬಗೆಯ ಸಿಹಿಹುಳಿ ಅಡುಗೆಯೂ ಇತ್ತು. ಹಣ್ಣನ್ನು ಉಪ್ಪಿನ ಜೊತೆ ಸೇರಿಸುವುದು ಅವರ ಅಡುಗೆಮನೆಗೆ ಹೊಸತಾಗಿರಲಿಲ್ಲ.

ಆ ಮೇಲೆ ನಡೆದ ಜಗಳ ಲೋಕಪ್ರಸಿದ್ಧ. 2017ರ ಫೆಬ್ರುವರಿಯಲ್ಲಿ ಐಸ್‌ಲ್ಯಾಂಡಿನ ಆಗಿನ ಅಧ್ಯಕ್ಷ ಗುಡ್ನಿ ಯೊಹಾನ್ನೆಸ್ಸನ್ ಶಾಲಾ ಮಕ್ಕಳ ಮುಂದೆ, ತಮ್ಮ ಕೈಲಾದರೆ ಪಿಜ್ಜಾ ಮೇಲೆ ಅನಾನಸ್ ಹಾಕುವುದನ್ನೇ ನಿಷೇಧಿಸುತ್ತಿದ್ದೆ ಎಂಬರ್ಥದ ಮಾತಾಡಿದರು. ಅದು ಎಲ್ಲೆಡೆ ಸುದ್ದಿಯಾಗಿ, ಅಂಥ ಅಧಿಕಾರ ತಮಗಿಲ್ಲ, ಇರಲೂಬಾರದು ಎಂದು ಅವರೇ ತಿಳಿಸಬೇಕಾಯಿತು. ಕೆನಡಾದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ತಮ್ಮ ನೆಲದ ಪಿಜ್ಜಾದ ಪರ ನಿಂತರು. ಅದೇ ವರ್ಷ ಜೂನ್‌ನಲ್ಲಿ ಪನೊಪೌಲೋಸ್ ತೀರಿಕೊಂಡರು.

ಇಲ್ಲಿನ ಕನ್ನಡದ ಮನೆಗಳಲ್ಲೂ ಈ ಜಗಳ ಉಂಟು. ಹುಟ್ಟುಹಬ್ಬವಿರಲಿ, ಹಬ್ಬದ ನಾಟಕದ ತಾಲೀಮಿರಲಿ, ಸಂಜೆ ಆರಕ್ಕೆ ಯಾರೋ ಒಬ್ಬರು ಫೋನ್ ಹಿಡಿದು ‘ಏನೇನು ಹಾಕಿಸೋಣ?’ ಎಂದು ಕೇಳಿದರೆ ಮುಗಿಯಿತು, ಅರ್ಧ ಗಂಟೆ ಚರ್ಚೆ. ಕೊನೆಗೆ ಹೆಚ್ಚಿನ ಸಲ ತೀರ್ಮಾನವಾಗುವುದು ಒಂದೇ: ಅನಾನಸ್, ಜಲಪೆನ್ಯೊ ಮೆಣಸಿನಕಾಯಿ, ಈರುಳ್ಳಿ. ಗುಜರಾತಿ, ತೆಲುಗು, ತಮಿಳು ಸ್ನೇಹಿತರ ಮನೆಗಳಲ್ಲೂ ಇದೇ ಮೂರನ್ನು ಎಷ್ಟೋ ಸಲ ಕಂಡಿದ್ದೇನೆ. ಯಾಕೆ ಇದೇ, ಎಂದು ನಾನು ಬಹಳ ದಿನ ಯೋಚಿಸಿರಲಿಲ್ಲ. ಉತ್ತರ ಕೊಟ್ಟವರು ಉಡುಪಿಯಿಂದ ಬಂದ ನನ್ನ ಅತ್ತೆ.

ಅವರು ಆರು ತಿಂಗಳಿಗೆಂದು ಬಂದಿದ್ದರು. ಮಗ ತಂದ ಪಿಜ್ಜಾದ ಒಂದು ತುಂಡನ್ನು ನಿಧಾನವಾಗಿ ತಿಂದು, ತಟ್ಟೆ ಕೆಳಗಿಟ್ಟು, ‘ಇದು ಮೆಣಸ್ಕಾಯಿ ಆಗ್ಲಿಕ್ಕೆ ಹೊರಟು ಅರ್ಧದಲ್ಲೇ ನಿಂತ ಹಾಗೆ ಉಂಟಲ್ಲ ಮಾರಾಯ್ತಿ’ ಎಂದರು.

ಅಷ್ಟೇ ಮಾತು. ನನಗೆ ಎಲ್ಲ ತಿಳಿಯಿತು.

ಅನಾನಸ್ ಮೆಣಸ್ಕಾಯಿ ಗೊತ್ತಿಲ್ಲದವರಿಗೆ ಹೇಳಬೇಕು. ಉಡುಪಿ ಕಡೆಯ ಮದುವೆ, ಉಪನಯನದ ಊಟದಲ್ಲಿ ಬಾಳೆಲೆಗೆ ಬರುವ ಸಿಹಿ, ಹುಳಿ, ಖಾರ ಮೂರೂ ಕೂಡಿದ ಪದಾರ್ಥ ಅದು. ಉದ್ದಿನಬೇಳೆ, ಎಳ್ಳು, ಬ್ಯಾಡಗಿ ಮೆಣಸು ಹುರಿದು, ತೆಂಗಿನತುರಿ ಸೇರಿಸಿ ರುಬ್ಬಿ, ಹುಣಸೆಹುಳಿ ಬೆಲ್ಲದಲ್ಲಿ ಬೆಂದ ಹೋಳಿಗೆ ಹಾಕಿ ಕುದಿಸುತ್ತಾರೆ. ಒಗ್ಗರಣೆಗೆ ಸಾಸಿವೆ, ಕರಿಬೇವು. ನಾನು ಮೈಸೂರಿನವಳು. ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಅನಾನಸ್ ಗೊಜ್ಜು. ಅದಕ್ಕೆ ಕೊಬ್ಬರಿ ಹಾಕಿದ ಗೊಜ್ಜಿನ ಪುಡಿ, ಕಡಲೆಬೇಳೆಯ ಮಂದ. ಗೊಜ್ಜು ಮೇಲೋ ಮೆಣಸ್ಕಾಯಿ ಮೇಲೋ ಎಂದು ನಮ್ಮ ಮನೆಯಲ್ಲಿ ಮದುವೆಯಾದ ವರ್ಷದಿಂದ ವಾದ ನಡೆದೇ ಇದೆ. ಆದರೆ ಅನಾನಸನ್ನು ಉಪ್ಪು, ಖಾರದ ಜೊತೆ ಬೇಯಿಸಬಹುದೋ ಎಂಬ ಪ್ರಶ್ನೆ ಮಾತ್ರ ಎರಡೂ ಕಡೆಯವರಿಗೆ ಬಂದಿಲ್ಲ. ನೇಪಲ್ಸ್‌ನವರಿಗೆ ಅದು ಹಣ್ಣು, ಊಟವಾದ ಮೇಲೆ ತಿನ್ನುವಂಥದ್ದು. ನಮಗೆ ಅದು ಅನ್ನಕ್ಕೆ ಕಲಸಿಕೊಳ್ಳುವ ಪದಾರ್ಥವೂ ಹೌದು.

ಚ್ಯಾಟಮ್‌ನ ಪಿಜ್ಜಾದಲ್ಲಿ ಕೊರತೆ ಇದ್ದದ್ದು ಖಾರದ್ದು. ಹಣ್ಣಿನ ಸಿಹಿಹುಳಿ ಇದೆ, ಟೊಮೇಟೊದ ಹುಳಿ ಇದೆ, ಚೀಸಿನ ಉಪ್ಪು ಮತ್ತು ಜಿಡ್ಡು ಇದೆ. ಇವನ್ನೆಲ್ಲ ಒಟ್ಟು ಹಿಡಿಯುವ ಖಾರವಿಲ್ಲ. ಅದಕ್ಕೇ ಭಾರತದವರ ಕೈ ತಾನಾಗಿ ಜಲಪೆನ್ಯೊ ಕಡೆ ಹೋಗುತ್ತದೆ, ಒಣಮೆಣಸಿನ ತರಿಯ ಪೊಟ್ಟಣ ಎರಡು ಹೆಚ್ಚಾಗಿ ಬೇಡುತ್ತದೆ. ಅರ್ಧಕ್ಕೆ ನಿಂತ ಮೆಣಸ್ಕಾಯಿಯನ್ನು ನಾವು ನಮಗರಿವಿಲ್ಲದೆಯೇ ಮುಗಿಸುತ್ತಿದ್ದೆವು.

ಅನಾನಸ್ ವಿರೋಧಿಗಳ ಒಂದು ದೂರಿನಲ್ಲಿ ನಿಜವಿದೆ, ಅದನ್ನು ಒಪ್ಪಬೇಕು. ಆ ಹಣ್ಣಿನ ತೂಕದಲ್ಲಿ ಶೇಕಡ 85ಕ್ಕಿಂತ ಹೆಚ್ಚು ನೀರು. ಒಲೆಯ ಶಾಖಕ್ಕೆ ಆ ನೀರು ಹೊರಬಂದು ಹಿಟ್ಟಿಗೆ ಇಳಿದರೆ ಪಿಜ್ಜಾದ ನಡುಭಾಗ ಮೆತ್ತಗಾಗಿ ಹಸಿಹಸಿ ಉಳಿಯುತ್ತದೆ. ಹಸಿ ಅನಾನಸಿನಲ್ಲಿ ಬ್ರೊಮೆಲಿನ್ ಎಂಬ ಕಿಣ್ವವೂ ಇದೆ; ಅದು ಪ್ರೋಟೀನನ್ನು ಕತ್ತರಿಸುತ್ತದೆ. ಹಸಿ ಹೋಳನ್ನು ಮೊಸರಿಗೆ ಹಾಕಿಟ್ಟರೆ ಸ್ವಲ್ಪ ಹೊತ್ತಿಗೇ ಕಹಿಯಾಗುವುದು ಇದರಿಂದ. ನಮ್ಮ ಅಡುಗೆಯವರು ಅನಾನಸ್ ಮೊಸರು ಬಜ್ಜಿಗೆ ಹೋಳನ್ನು ಮೊದಲು ಬೇಯಿಸಿಕೊಳ್ಳುವುದರಲ್ಲಿ ಈ ತಿಳಿವಳಿಕೆ ಅಡಗಿದೆ. ಶಾಖಕ್ಕೆ ಬ್ರೊಮೆಲಿನ್ ನಾಶವಾಗುತ್ತದೆ. ಡಬ್ಬಿಯ ಹಣ್ಣು ಮೊದಲೇ ಕಾದಿರುತ್ತದೆ, ಹಾಗಾಗಿ ಪನೊಪೌಲೋಸ್ ಅವರ ಪಿಜ್ಜಾಕ್ಕೆ ಆ ತೊಂದರೆ ಇರಲಿಲ್ಲ.

ಈ ಹಣ್ಣು ದಕ್ಷಿಣ ಅಮೆರಿಕದ್ದು, ನಮ್ಮ ನೆಲಕ್ಕೆ ತಂದವರು ಪೋರ್ಚುಗೀಸರು. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆಗಳೂ ಅಮೆರಿಕ ಖಂಡದವೇ. ಅಂದರೆ ಇಟಲಿಯವರು ತಮ್ಮದೆಂದು ಕಾಯುವ ಪಿಜ್ಜಾದ ಟೊಮೇಟೊ ಎಲ್ಲಿಂದ ಹೊರಟಿತೋ, ಅನಾನಸೂ ಅದೇ ಖಂಡದಿಂದ ಹೊರಟದ್ದು. ನಮ್ಮಲ್ಲಿ ಶ್ರಾದ್ಧದ ಅಡುಗೆಗೆ ಇಂದಿಗೂ ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕುವ ಮನೆಗಳಿವೆ. ಬಂದದ್ದು ಯಾವುದು, ಮೊದಲೇ ಇದ್ದದ್ದು ಯಾವುದು ಎಂಬ ನೆನಪನ್ನು ಆ ಅಡುಗೆಮನೆ ಉಳಿಸಿಕೊಂಡಿದೆ. ಆದರೆ ಬಂದದ್ದೂ ಕಾಲಕ್ರಮದಲ್ಲಿ ಊರಿನದಾಗಿಬಿಡುತ್ತದೆ. ಮಿಷಿಗನ್ ಕನ್ನಡಿಗರ ಕೂಟಕ್ಕೆ ಪಂಪನ ಹೆಸರು, ಪಂಪ ಕನ್ನಡ ಕೂಟ. ಪಂಪ ಹಂಬಲಿಸಿ ನೆನೆದ ಬನವಾಸಿಯ ಸುತ್ತಮುತ್ತ ಈಗ ಕಣ್ಣು ಹಾಯುವಷ್ಟು ಅನಾನಸ್ ತೋಟಗಳು. ಹತ್ತನೆಯ ಶತಮಾನದ ಆ ಕವಿ ಈ ಹಣ್ಣನ್ನು ಕಂಡಿರಲೇ ಇಲ್ಲ. ಅದು ಬರಲು ಇನ್ನೂ ಆರುನೂರು ವರ್ಷವಿತ್ತು. ಈಗ ಬನವಾಸಿ ಎಂದರೆ ನಮಗೆ ಅದರ ನೆನಪೂ ಬರುತ್ತದೆ. ಒಂದು ಊರಿನ ರುಚಿ ಹೀಗೆ ಬದಲಾಗುವುದರಲ್ಲಿ ನನಗೆ ಯಾವ ನಷ್ಟವೂ ಕಾಣುವುದಿಲ್ಲ.

ಇನ್ನು ನಾನಿರುವ ಊರಿನ ಪಿಜ್ಜಾದ ಮಾತು. ಅದು ದುಂಡಗಿಲ್ಲ, ಆಯತಾಕಾರ. 1946ರಲ್ಲಿ ಡೆಟ್ರಾಯಿಟ್‌ನ ಕೊನಾಂಟ್ ಮತ್ತು ಸಿಕ್ಸ್ ಮೈಲ್ ರಸ್ತೆಗಳು ಕೂಡುವಲ್ಲಿದ್ದ ಬಡ್ಡೀಸ್ ಎಂಬ ಪಾನಗೃಹದಲ್ಲಿ ಗಸ್ ಗೆರ್ರಾ ಅದನ್ನು ಶುರುಮಾಡಿದರು. ಮಾದರಿ ಸಿಸಿಲಿಯ ದಪ್ಪ ಪಿಜ್ಜಾ. ಬೇಯಿಸಲು ಬಳಸಿದ್ದು ಕಾರಿನ ಕಾರ್ಖಾನೆಗಳಲ್ಲಿ ನಟ್ಟು ಬೋಲ್ಟಿನಂಥ ಸಣ್ಣ ಸಾಮಾನು ಇಡುತ್ತಿದ್ದ ನೀಲಿ ಉಕ್ಕಿನ ತಟ್ಟೆಗಳು ಎಂಬುದು ಇಲ್ಲಿ ಎಲ್ಲರೂ ಹೇಳುವ ಕಥೆ. ಸೌತ್‌ಫೀಲ್ಡ್‌ನಲ್ಲಿ ಈಗಲೂ ಲಿಯರ್, ಡೆನ್ಸೊದಂಥ ಬಿಡಿಭಾಗದ ಕಂಪನಿಗಳ ದೊಡ್ಡ ಕಚೇರಿಗಳಿವೆ. ಅಂಥ ಕೆಲಸಗಳನ್ನು ಹಿಡಿದೇ ಎಷ್ಟೋ ಕನ್ನಡಿಗರು ಈ ಸೀಮೆಗೆ ಬಂದದ್ದು. ಕಾರಿನ ಊರಿನಲ್ಲಿ ಪಿಜ್ಜಾಕ್ಕೂ ಕಾರ್ಖಾನೆಯ ತಟ್ಟೆಯೇ ಒದಗಿತು ಎಂಬುದು ನನಗೆ ಬಲು ಇಷ್ಟದ ಸಂಗತಿ.

ಆ ತಟ್ಟೆಯಲ್ಲಿ ನಡೆಯುವ ಕೆಲಸ ನೋಡುವಂಥದ್ದು. ನೀರು ಹೆಚ್ಚಾಗಿ ಕಲಸಿದ ಮೆತ್ತನೆಯ ಹಿಟ್ಟನ್ನು ಎಣ್ಣೆ ಸವರಿದ ತಟ್ಟೆಯಲ್ಲಿ ಹರಡಿ ಉಬ್ಬಲು ಬಿಡುತ್ತಾರೆ. ಮೇಲೆ ವಿಸ್ಕಾನ್ಸಿನ್‌ನ ಬ್ರಿಕ್ ಚೀಸ್. 1877ರಲ್ಲಿ ಜಾನ್ ಜೊಸ್ಸಿ ಎಂಬ ಸ್ವಿಸ್ ಮೂಲದವರು ಇಟ್ಟಿಗೆ ಹೇರಿ ಒತ್ತಿ ಮಾಡಿದ್ದರಿಂದ ಆ ಹೆಸರು. ಈ ಚೀಸನ್ನು ತಟ್ಟೆಯ ಅಂಚು ಮುಟ್ಟುವಂತೆ ಉದುರಿಸುತ್ತಾರೆ. ಅದರಲ್ಲಿ ಜಿಡ್ಡು ಹೆಚ್ಚು. ಕಾದ ಉಕ್ಕಿಗೆ ತಾಗಿದ ಚೀಸ್ ತನ್ನದೇ ಬೆಣ್ಣೆಯಲ್ಲಿ ಹುರಿದು, ಅಂಚಿನುದ್ದಕ್ಕೂ ಕಂದು ಬಣ್ಣದ ಗರಿಗರಿ ಗೋಡೆಯಾಗುತ್ತದೆ. ಟೊಮೇಟೊ ಸಾಸ್ ಎಲ್ಲಕ್ಕಿಂತ ಮೇಲೆ, ಪಟ್ಟೆ ಪಟ್ಟೆಯಾಗಿ. ನಮ್ಮ ಅಜ್ಜಿ ಹಿಟ್ಟಿನ ಮಡಕೆಯ ತಳ ಕೆರೆದು ಸೀಕು ತೆಗೆದರೆ ಅದಕ್ಕಾಗಿ ನಾವು ಮೊಮ್ಮಕ್ಕಳು ಕಾದು ಕೂರುತ್ತಿದ್ದೆವು. ಇಲ್ಲಿ ಮಕ್ಕಳು ಮೂಲೆಯ ತುಂಡಿಗೆ ಕಿತ್ತಾಡುವುದನ್ನು ಕಂಡಾಗೆಲ್ಲ ನನಗೆ ಆ ಸೀಕಿನ ವಾಸನೆ ಮೂಗಿಗೆ ಬರುತ್ತದೆ. ಮೂಲೆಗೆ ಎರಡು ಕಡೆ ಅಂಚು, ತಟ್ಟೆಗೆ ನಾಲ್ಕೇ ಮೂಲೆ.

ಆದರೆ ಸಸ್ಯಾಹಾರಿಗಳು ಇಲ್ಲೊಂದು ವಿಷಯ ತಿಳಿದಿರಬೇಕು. ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಕೇಳುವುದು ಪೆಪರೋನಿ ಎಂಬ ಮಾಂಸದ ಬಿಲ್ಲೆಗಳನ್ನು. (ಇಟಲಿಯ ಭಾಷೆಯಲ್ಲಿ ಹೆಚ್ಚುಕಡಿಮೆ ಇದೇ ಪದಕ್ಕೆ ದೊಣ್ಣೆಮೆಣಸಿನಕಾಯಿ ಎಂದರ್ಥ.) ಮಾಮೂಲಿ ಪಿಜ್ಜಾದಲ್ಲಿ ಅವು ಮೇಲೆ ಕಾಣುತ್ತವೆ. ಡೆಟ್ರಾಯಿಟ್‌ನ ಹಳೆಯ ಪದ್ಧತಿಯಲ್ಲಿ ಅವನ್ನು ಹಿಟ್ಟಿನ ಮೇಲೆ, ಚೀಸಿನ ಅಡಿಯಲ್ಲಿ ಇಡುತ್ತಾರೆ. ಮೇಲಿನಿಂದ ನೋಡಿದರೆ ಬರೀ ಚೀಸ್, ಕೆಂಪು ಪಟ್ಟೆ. ಕಚೇರಿಯ ಊಟದ ಹೊತ್ತಿನಲ್ಲಿ ‘ಮಾಂಸ ತೆಗೆದಿಟ್ಟು ತಿನ್ನಿ’ ಎಂದು ಒಳ್ಳೆಯ ಮನಸ್ಸಿನಿಂದ ಹೇಳುವವರಿದ್ದಾರೆ. ತೆಗೆದಿಡಲು ಬರುವುದಿಲ್ಲ; ಅದರ ಕೊಬ್ಬು ಕರಗಿ ಹಿಟ್ಟಿಗಿಳಿದಿರುತ್ತದೆ. ಅರ್ಧ ಸಸ್ಯಾಹಾರಿ, ಅರ್ಧ ಮಾಂಸಾಹಾರಿ ಎಂದು ಹೇಳಿ ತರಿಸಿದರೂ ಕತ್ತರಿಸುವ ಚಕ್ರ ಎರಡಕ್ಕೂ ಒಂದೇ. ಇದನ್ನು ಸೂಕ್ಷ್ಮವಾಗಿ ನೋಡುವವರಿಗೆ ಬೇರೆ ಪಿಜ್ಜಾ ತರಿಸುವುದೇ ಮರ್ಯಾದೆ.

ನನ್ನ ಅತ್ತೆ ಕೇಳಿದ ಪ್ರಶ್ನೆ ಇನ್ನೂ ಆಳದ್ದು. ‘ಹಾಲು ಒಡೆಸ್ಲಿಕ್ಕೆ ಇವರು ಎಂತ ಹಾಕ್ತಾರೆ?’ ಹಲವು ಸಾಂಪ್ರದಾಯಿಕ ಚೀಸ್‌ಗಳನ್ನು ಕರುವಿನ ಹೊಟ್ಟೆಯ ಪದರದಿಂದ ತೆಗೆದ ರೆನೆಟ್ ಹಾಕಿ ಗಟ್ಟಿ ಮಾಡುತ್ತಾರೆ. ಅದರಲ್ಲಿ ಕೆಲಸ ಮಾಡುವ ಕಿಣ್ವ ಕೈಮೊಸಿನ್. ಇದನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಪಡೆಯುವ ವಿಧಾನಕ್ಕೆ ಅಮೆರಿಕದ ಆಹಾರ ಇಲಾಖೆ 1990ರಲ್ಲಿ ಒಪ್ಪಿಗೆ ಕೊಟ್ಟಿತು. ಈಗ ಇಲ್ಲಿನ ಕಾರ್ಖಾನೆಗಳ ಬಹುಪಾಲು ಚೀಸ್ ಅದರಿಂದಲೇ ಆಗುವುದು. ಆದರೆ ಇಟಲಿಯ ಅಸಲಿ ಪಾರ್ಮಿಜಾನೊ ರೆಜ್ಜಾನೊಗೆ ಕರುವಿನ ರೆನೆಟ್ಟೇ ಕಡ್ಡಾಯ. ಭಾರತದ ಪೊಟ್ಟಣದ ಮೇಲಿರುವಂಥ ಹಸಿರು ಚುಕ್ಕೆ ಇಲ್ಲಿನ ಕಾನೂನಿನಲ್ಲಿಲ್ಲ. ಕೇಳಿ ತಿಳಿಯಬೇಕು, ಅಷ್ಟೇ.

ಉತ್ತರ ನಮ್ಮ ಮನೆಯ ಪಕ್ಕದಲ್ಲೇ ಇತ್ತು. ಸೌತ್‌ಫೀಲ್ಡ್ ಮತ್ತು ಓಕ್ ಪಾರ್ಕ್‌ನಲ್ಲಿ ಯಹೂದಿ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಗ್ರೀನ್‌ಫೀಲ್ಡ್ ರಸ್ತೆಯ ಆಸುಪಾಸಿನಲ್ಲಿ ಕೋಶರ್ ಪಿಜ್ಜಾ ಸಿಗುತ್ತದೆ. ಯಹೂದಿ ಆಹಾರ ನಿಯಮದಂತೆ ಹಾಲು ಮತ್ತು ಮಾಂಸ ಕೂಡುವಂತಿಲ್ಲ. ಒಂದೇ ಪಾತ್ರೆ, ಒಂದೇ ಚಾಕು ಸಹ ಆಗದು. ಚೀಸ್ ಇರುವ ಅಂಗಡಿ ಎಂದಮೇಲೆ ಅಲ್ಲಿ ಮಾಂಸ ಕಾಲಿಡುವುದಿಲ್ಲ. ಚೀಸಿನ ರೆನೆಟ್ ಕೂಡ ಸಾಮಾನ್ಯವಾಗಿ ಸೂಕ್ಷ್ಮಜೀವಿಗಳದ್ದು. ಮೀನು ಮಾತ್ರ ಹಾಲಿನ ಜೊತೆ ನಡೆಯುತ್ತದೆ, ಹಾಗಾಗಿ ಟ್ಯೂನಾ ಇರಬಹುದು; ಕೇಳಿಕೊಂಡರೆ ಆಯಿತು. ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಎಂದು ನಾನು ವಿವರಿಸುವಷ್ಟರಲ್ಲಿ ಅತ್ತೆ ‘ಮಡಿ’ ಎಂದರು. ಪೂರ್ತಿ ಅದೇ ಅಲ್ಲದಿದ್ದರೂ ಅವರಿಗೆ ಬಾಗಿಲು ತೆರೆಯಲು ಆ ಒಂದು ಪದ ಸಾಕಾಯಿತು. ಒಂದೇ ಅಡಚಣೆ: ಶುಕ್ರವಾರ ಸೂರ್ಯಾಸ್ತದಿಂದ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಅಂಗಡಿ ಮುಚ್ಚಿರುತ್ತದೆ. ಚಳಿಗಾಲದಲ್ಲಿ ಇಲ್ಲಿ ಐದು ಗಂಟೆಗೇ ಕತ್ತಲು. ಅಮೆರಿಕವೆಲ್ಲ ಶುಕ್ರವಾರ ಸಂಜೆ ಪಿಜ್ಜಾ ತಿಂದರೆ ನಮ್ಮ ಮನೆಯಲ್ಲಿ ಆ ಆರು ತಿಂಗಳು ಪಿಜ್ಜಾ ಗುರುವಾರಕ್ಕೆ ಬಂತು. ಚಾತುರ್ಮಾಸ್ಯದಲ್ಲಿ ಹಾಲು ಬಿಡುವ ಕ್ಷೀರವ್ರತದ ತಿಂಗಳು ಅತ್ತೆ ಅದನ್ನೂ ಬಿಟ್ಟರು.

ಯಾವುದು ವಿಚಿತ್ರ ಎಂಬುದು ಊರಿಂದೂರಿಗೆ ಬದಲು. ಬೆಂಗಳೂರಿನಲ್ಲಿ ಸ್ವೀಟ್‌ಕಾರ್ನ್, ಪನೀರು ಇಲ್ಲದ ಪಿಜ್ಜಾ ಅಂಗಡಿ ಹುಡುಕುವುದು ಕಷ್ಟ. ಜೋಳ ಬೆಳೆಯುವ ಮಿಷಿಗನ್‌ನಲ್ಲಿ ಪಿಜ್ಜಾ ಮೇಲೆ ಜೋಳದ ಕಾಳು ಕೇಳಿದರೆ ಅಂಗಡಿಯವರು ಇನ್ನೊಮ್ಮೆ ಕೇಳುತ್ತಾರೆ. ಸ್ವೀಡನ್ನಿನವರು ಬಾಳೆಹಣ್ಣಿಗೆ ಕರಿಪುಡಿ ಉದುರಿಸಿ ಹಾಕುತ್ತಾರೆ, ಬ್ರೆಜಿಲ್‌ನವರು ಹಸಿ ಬಟಾಣಿ. ಡೆಟ್ರಾಯಿಟ್ ನಗರದ ಒಡಲಲ್ಲೇ ಇರುವ ಹ್ಯಾಮ್‌ಟ್ರಾಮಿಕ್‌ನಲ್ಲಿ ಬಾಂಗ್ಲಾದೇಶದವರು ಬಹಳ. ಅಲ್ಲಿನ ಅಮಾರ್ ಪಿಜ್ಜಾ ಅಂಗಡಿ ನಾಗಾ ಮೆಣಸು, ಒಣಮೀನು ಹಾಕಿದ ಪಿಜ್ಜಾಕ್ಕೆ ಹೆಸರಾದದ್ದು. ಮಳೆಗಾಲದಲ್ಲಿ ಒಣಮೀನಿನ ಚಟ್ನಿ ತಿಂದು ಬೆಳೆದ ಮಂಗಳೂರಿನ ಗೆಳತಿಯೊಬ್ಬಳಿಗೆ ಅದು ವಿಚಿತ್ರವೆನಿಸಲೇ ಇಲ್ಲ. ನಾಲ್ಕೂವರೆ ಗಂಟೆ ಪಶ್ಚಿಮಕ್ಕೆ ಓಡಿಸಿದರೆ ಶಿಕಾಗೊ. ಹೊರಗಿನವರು ಅಲ್ಲಿ ಹುಡುಕುವುದು 1943ರಲ್ಲಿ ಪಿಜ್ಜೇರಿಯಾ ಊನೊದಲ್ಲಿ ಶುರುವಾದ ಡೀಪ್ ಡಿಶ್ ಪಿಜ್ಜಾವನ್ನು, ಎರಡು ತುಂಡಿಗೆ ಹೊಟ್ಟೆ ತುಂಬುವಂಥದ್ದು. ಊರಿನವರು ದಿನನಿತ್ಯ ತಿನ್ನುವುದು ಹಪ್ಪಳದಷ್ಟು ತೆಳುವಾದ, ಸಣ್ಣ ಚೌಕಗಳಾಗಿ ಕತ್ತರಿಸಿದ ಇನ್ನೊಂದನ್ನು. ಅದರ ಮೇಲೆ ಜಾರ್ಡಿನೇರ ಹಾಕಿಸಿಕೊಳ್ಳಬೇಕು: ಹೂಕೋಸು, ಗಜ್ಜರಿ, ಮೆಣಸಿನಕಾಯಿಗಳನ್ನು ಹುಳಿಯಲ್ಲಿ ನೆನೆಸಿ ಎಣ್ಣೆಯಲ್ಲಿಟ್ಟದ್ದು. ನಾನದನ್ನು ಮೊದಲ ಸಲ ತಿಂದಾಗ ಶಿಕಾಗೊದವರು ಪಿಜ್ಜಾಕ್ಕೆ ಉಪ್ಪಿನಕಾಯಿ ನೆಂಚಿಕೊಳ್ಳುತ್ತಾರೆ ಎಂದು ಊರಿಗೆ ಫೋನ್ ಮಾಡಿ ಹೇಳಿದ್ದೆ. ಈಗಲೂ ನನಗೆ ಪಿಜ್ಜಾ ಮೇಲೆ ಅತ್ಯಂತ ಪ್ರಿಯವಾದದ್ದು ಅದೇ, ಮೆಣಸ್ಕಾಯಿಯೊಂದನ್ನು ಬಿಟ್ಟರೆ.

ಹುಬ್ಬಳ್ಳಿ, ದಾವಣಗೆರೆಯ ಮಕ್ಕಳು ತಿನ್ನುವ ಡಾಮಿನೋಸ್ ಕೂಡ ಈ ಸೀಮೆಯದೇ. 1960ರಲ್ಲಿ ಇಲ್ಲಿಂದ ಮುಕ್ಕಾಲು ಗಂಟೆಯ ಇಪ್ಸಿಲಾಂಟಿಯಲ್ಲಿ ಹುಟ್ಟಿದ್ದು. ಅದು ಭಾರತಕ್ಕೆ ಹೋದದ್ದು 1996ರಲ್ಲಿ. ಅದೇ ವರ್ಷ ಪಿಜ್ಜಾ ಹಟ್ ಬೆಂಗಳೂರಿಗೆ ಬಂತು. ನಮ್ಮ ಊರಿಗೆ ಹೋಗಿ ಪನೀರು ಹೊತ್ತುಕೊಂಡ ಪಿಜ್ಜಾ, ಇಲ್ಲಿಗೆ ಬಂದ ನಮ್ಮ ಕೈಯಲ್ಲಿ ಮತ್ತೇನು ಹೊರಬಹುದು ಎಂದು ನೋಡಲು ಒಂದು ಗುರುವಾರ ಮೆಣಸ್ಕಾಯಿಯನ್ನೇ ಪಿಜ್ಜಾಕ್ಕೆ ಹಾಕಿದೆವು.

ಅತ್ತೆ ಹೋಳನ್ನು ಕಿರುಬೆರಳ ಉಗುರಿನಷ್ಟು ಸಣ್ಣಗೆ ಹೆಚ್ಚಿದರು. ಮಾಮೂಲಿಗಿಂತ ತೆಂಗು ಕಡಿಮೆ, ಎಳ್ಳು ಜಾಸ್ತಿ. ಬೆಲ್ಲ ಅರ್ಧಕ್ಕರ್ಧ ಇಳಿಸಿದರು, ಒಲೆಯ ಶಾಖಕ್ಕೆ ಹಣ್ಣಿನ ಸಿಹಿಯೇ ಗಾಢವಾಗುತ್ತದೆಂದು. ಸೌಟು ಎತ್ತಿದರೆ ಉದುರದೆ ನಿಲ್ಲುವಷ್ಟು ಬತ್ತಿಸಿದರು. ನೀರಿನ ದೂರು ಅಲ್ಲಿಗೆ ತೀರಿತು. ನಾನು ಡೆಟ್ರಾಯಿಟ್ ತಟ್ಟೆಯಲ್ಲಿ ಹಿಟ್ಟು ಹರಡಿ, ಅಂಚಿನವರೆಗೆ ಚೀಸ್ ಉದುರಿಸಿದೆ. ಮನೆಯ ಅಡುಗೆಗೆ ಅವರು ಈರುಳ್ಳಿ ಬೆಳ್ಳುಳ್ಳಿ ಸೇರಿಸುವುದಿಲ್ಲ, ಅಂಗಡಿಯ ಸಾಸಿನಲ್ಲಿ ಬೆಳ್ಳುಳ್ಳಿ ಇದ್ದೇ ಇರುತ್ತದೆ. ಆದ್ದರಿಂದ ಟೊಮೇಟೊ ಸಾಸ್ ಇರಬೇಕಾದ ಜಾಗದಲ್ಲಿ, ಚೀಸಿನ ಮೇಲೆ, ಮೆಣಸ್ಕಾಯಿಯನ್ನೇ ಮೂರು ಪಟ್ಟೆ ಎಳೆದೆವು. 260 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹದಿನಾಲ್ಕು ನಿಮಿಷ. ಹೊರತೆಗೆದ ಮೇಲೆ ಕರಿಬೇವಿನ ಒಗ್ಗರಣೆ. ಎಳ್ಳು ಚೀಸಿನ ಜಿಡ್ಡಿನಲ್ಲಿ ಇನ್ನೊಮ್ಮೆ ಹುರಿದು ಮನೆ ತುಂಬ ಘಮ್ಮೆಂದಿತು. ಎಂದೂ ಅನಾನಸ್ ಬೇಡವೆನ್ನುತ್ತಿದ್ದ ಮಗಳು ಮೂಲೆಯ ತುಂಡನ್ನು ಮೊದಲು ಎತ್ತಿಕೊಂಡಳು. ಗೊಜ್ಜಿನ ಪಕ್ಷದ ನಾನೂ ಆ ದಿನ ಮೆಣಸ್ಕಾಯಿಗೆ ಸೋತೆ. ಪಿಜ್ಜಾದ ಮಟ್ಟಿಗೆ ಎಳ್ಳಿನ ಮುಂದೆ ಕಡಲೆಬೇಳೆ ನಿಲ್ಲುವುದಿಲ್ಲ, ಅದನ್ನು ಒಪ್ಪುತ್ತೇನೆ.

ಅತ್ತೆ ಊರಿಗೆ ಮರಳಿ ಈಗ ನಾಲ್ಕು ತಿಂಗಳು. ಹೋದ ಭಾನುವಾರ ಫೋನ್ ಬಂತು. ಸಂತೆಯಲ್ಲಿ ಬನವಾಸಿಯ ಅನಾನಸ್ ಬಂದಿದೆಯಂತೆ, ಮೊಮ್ಮಕ್ಕಳೆಲ್ಲ ರಜೆಗೆ ಸೇರಿದ್ದಾರಂತೆ, ನಾದಿನಿಯ ಮನೆಯ ಓಟಿಜಿ ಒಲೆ ತರಿಸಿಕೊಂಡಿದ್ದಾರೆ. ‘ಇದ್ರಲ್ಲಿ 250ರ ಮೇಲೆ ಹೋಗುದಿಲ್ಲ. ಸಾಕಾ?’ ಸಾಕು ಅತ್ತೆ, ಎಂದೆ. ತಟ್ಟೆ ಕೆಳಗಿನ ಕಂಬಿಯ ಮೇಲಿಡಿ, ಮೂರು ನಿಮಿಷ ಹೆಚ್ಚು ಬಿಡಿ, ಅಂಚು ಕಂದಾಗುವ ತನಕ ಬಾಗಿಲು ತೆಗೆಯಬೇಡಿ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬರೆದುಕೊಳ್ಳುತ್ತಿದ್ದರೇನೋ, ಮತ್ತೆ ಕೇಳಿದರು: ‘ಮೂಲೆ ನಾಲ್ಕೇ ಅಲ್ವಾ? ಇಲ್ಲಿ ಮಕ್ಕಳು ಏಳು ಜನ ಇದ್ದಾರೆ.’